ಸಿ.ಕೆ. ಜಾನು ಅವರ ಹಾದಿಯೂ ನಮ್ಮ ತಾಂಡಾದ ಹೆಣ್ಣುಮಕ್ಕಳೂ

ಕಾಸರಗೋಡಿನ ಕನ್ನಡ ಬಂಧುಗಳಿಗೆ ರಾಯದುರ್ಗ, ಮಡಕಶಿರಾ ಎಂಬ ಹೆಸರುಗಳು ತೀರ ಅಪರಿಚಿತವೇನಲ್ಲ. ಗಡಿಯ ಮಾತು ಬಂದಾಗಲೆಲ್ಲ ಈ ಹೆಸರುಗಳು ಒಟ್ಟಿಗೇ ಕೇಳಿಬರುತ್ತವೆ. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಹುಟ್ಟಿದಾಗ ಬಳ್ಳಾರಿ ಜಿಲ್ಲೆಯ ಆದವಾನಿ, ಆಲೂರು, ರಾಯದುರ್ಗ ತಾಲೂಕುಗಳು ಆಂಧ್ರದ ಪಾಲಾದವು. ಉಳಿದ ಬಳ್ಳಾರಿ ಮೈಸೂರಿಗೆ ಸೇರಿತು. ಮಡಕಶಿರಾವಾದರೋ ಅದಕ್ಕೂ ಮೊದಲೇ ಅನಂತಪುರ ಜಿಲ್ಲೆಯಲ್ಲಿದ್ದು, ಮೂರು ಕಡೆ ಕನ್ನಡ ನಾಡು ಸುತ್ತುವರಿದಿದ್ದರೂ ಹೊರಗೇ ಉಳಿಯಿತು. ಮೂರು ವರ್ಷ ಕಳೆದು 1956ರ ನವೆಂಬರಿನಲ್ಲಿ ಕಾಸರಗೋಡಿನ ಸರದಿ ಬಂತು. 2022ರ ಏಪ್ರಿಲಿನಲ್ಲಿ ಜಿಲ್ಲೆಗಳನ್ನು ಪುನಃ ವಿಂಗಡಿಸಿದಾಗ ಮಡಕಶಿರಾವನ್ನು ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿಸಲಾಯಿತು. ರಾಯದುರ್ಗ ಅನಂತಪುರದಲ್ಲಿಯೇ ಉಳಿಯಿತು. ಜಿಲ್ಲೆಯ ಹೆಸರು ಬದಲಾದರೂ ಅಗಳಿ, ರೊಳ್ಳ, ಅಮರಾಪುರಗಳ ಮನೆಮಾತು ಬದಲಾಗಲಿಲ್ಲ.

ಹೀಗೆ ನಾವೂ ನೀವೂ ಒಂದೇ ಭಾಗಾಕಾರದಲ್ಲಿ ಉಳಿದ ಶೇಷಗಳು. ಕನ್ನಡ ಶಾಲೆ ಬೇಕು, ಕಾಲಕ್ಕೆ ಸರಿಯಾಗಿ ಪಠ್ಯಪುಸ್ತಕ ಬೇಕು, ಕನ್ನಡ ಬಲ್ಲ ಅಧಿಕಾರಿ ಬೇಕು, ಕನ್ನಡದಲ್ಲಿ ಅರ್ಜಿ ನಮೂನೆ ಬೇಕು ಎಂದು ಕೇಳುತ್ತ ಎರಡು ತಲೆಮಾರು ಸಂದಿವೆ. ಈ ಬೇಡಿಕೆಗಳು ನ್ಯಾಯವಾದವು. ಇವುಗಳನ್ನು ಬಿಡಬೇಕೆಂದು ಯಾರೂ ಹೇಳರು. ಆದರೆ ನಮ್ಮ ಈ ಪಟ್ಟಿಯಲ್ಲಿ ಎಂದೂ ಕಾಣಿಸಿಕೊಳ್ಳದ ಒಂದು ವಿಷಯವಿದೆ. ಅಲ್ಪಸಂಖ್ಯಾತರಾದ ನಮ್ಮ ನಡುವೆಯೇ ನಮಗಿಂತಲೂ ಅಲ್ಪವಾದವರಿದ್ದಾರೆ. ನಮ್ಮಲ್ಲಿ ಸುಗಾಲಿ ತಾಂಡಾಗಳು, ಎರುಕಲರ ಗುಡಿಸಲುಗಳು. ನಿಮ್ಮಲ್ಲಿ ಕೊರಗರ ಕೊಪ್ಪಗಳು, ಮಾವಿಲರ ಮನೆಗಳು. ಅವರಲ್ಲಿಯೂ ಹೆಣ್ಣುಮಕ್ಕಳ ಸಂಗತಿಯನ್ನು ಕೇಳುವವರು ಇನ್ನೂ ಕಡಿಮೆ.

ನಮ್ಮ ತರಗತಿಯಲ್ಲಿ ಕೆಲವು ವರ್ಷಗಳ ಹಿಂದೆ ತಾಂಡಾದಿಂದ ಬರುತ್ತಿದ್ದ ಒಬ್ಬ ಹುಡುಗಿಯಿದ್ದಳು. ಲೆಕ್ಕದಲ್ಲಿ ಚುರುಕು. ಮನೆಯಲ್ಲಿ ಲಂಬಾಣಿ, ಶಾಲೆಯಲ್ಲಿ ಕನ್ನಡ, ಬಸ್ಸಿನಲ್ಲಿಯೂ ಕಚೇರಿಯಲ್ಲಿಯೂ ತೆಲುಗು; ಮೂರನ್ನೂ ಮೂರು ಜೇಬಿನಲ್ಲಿಟ್ಟುಕೊಂಡವಳಂತೆ ಬೇಕಾದಾಗ ಬೇಕಾದುದನ್ನು ತೆಗೆಯುತ್ತಿದ್ದಳು. ಹತ್ತನೆಯ ತರಗತಿ ಮುಗಿದು ಎರಡು ವರ್ಷಕ್ಕೆ ಅವಳನ್ನು ಗಡಿಯಾಚೆ ಪಾವಗಡದ ಕಡೆಗೆ ಮದುವೆ ಮಾಡಿಕೊಟ್ಟರು. ಆ ಬಳಿಕ ಒಮ್ಮೆ ಅವಳು ಮಗುವನ್ನು ಸೊಂಟದಲ್ಲಿಟ್ಟುಕೊಂಡು ಶಾಲೆಗೆ ಬಂದು, "ಸಾರ್, ನಾನು ಈಗ ಯಾವ ಜಾತಿ?" ಎಂದು ಕೇಳಿದಳು. ಗಂಡನ ಊರಿನ ಒಂದು ಕಚೇರಿಯಲ್ಲಿ ಅವಳ ಪ್ರಮಾಣಪತ್ರ ನಡೆಯುವುದಿಲ್ಲವೆಂದು ಹೇಳಿದ್ದರಂತೆ. ಆ ದಿನ ನಾವು ಸರಿಯಾದ ಉತ್ತರ ಹೇಳಲಿಲ್ಲ. ಉತ್ತರ ಹುಡುಕುತ್ತ ಹೊರಟಾಗ ದೊರೆತ ಸಂಗತಿಗಳನ್ನು ಓದುಗರ ಮುಂದಿಡುವುದೇ ಈ ಲೇಖನದ ಉದ್ದೇಶ. ಅದಕ್ಕಾಗಿ ಮೊದಲು ನಿಮ್ಮ ರಾಜ್ಯದವರೇ ಆದ ಒಬ್ಬ ಸ್ತ್ರೀಯ ಜೀವನವನ್ನು ನೋಡಬೇಕಾಗಿದೆ.

ವಯನಾಡಿನಿಂದ ಹೊರಟ ಹಾದಿ

ಸಿ.ಕೆ. ಜಾನು ಅವರು ವಯನಾಡಿನ ಮಾನಂದವಾಡಿಯ ಸಮೀಪದವರು. ಅಡಿಯ ಎಂಬ ಬುಡಕಟ್ಟಿಗೆ ಸೇರಿದವರು. ಇದೇ ಜನರನ್ನು ಗಡಿ ದಾಟಿ ಕೊಡಗಿಗೆ ಬಂದರೆ ಎರವರೆಂದು ಕರೆಯುತ್ತಾರೆ. ಅವರಾಡುವ ಮಾತು ಮಲಯಾಳವೂ ಅಲ್ಲ, ಕನ್ನಡವೂ ಅಲ್ಲ. ತಮ್ಮದೇ ಆದ ಒಂದು ನುಡಿ. ಹಿಂದಿನ ಕಾಲದಲ್ಲಿ ವಳ್ಳಿಯೂರ್‌ಕಾವಿನ ಜಾತ್ರೆಯಲ್ಲಿ ಜಮೀನುದಾರರು ಅಡಿಯರನ್ನೂ ಪಣಿಯರನ್ನೂ ದೇವಿಯ ಸಾಕ್ಷಿಯಾಗಿ ಒಂದು ವರ್ಷದ ದುಡಿಮೆಗೆ ಗೊತ್ತುಮಾಡಿಕೊಳ್ಳುತ್ತಿದ್ದರು. ದೇವಿಯ ಎದುರಿಗೆ ಆಡಿದ ಮಾತನ್ನು ಮೀರಲು ಆ ಬಡವರಿಗೆ ಧೈರ್ಯವಿರಲಿಲ್ಲ. ಜೀತ ಪದ್ಧತಿಯನ್ನು ರದ್ದುಗೊಳಿಸುವ ಕಾಯಿದೆ ದೇಶಕ್ಕೆ ಬಂದದ್ದು 1976ರಲ್ಲಿ.

ಜಾನು ಅವರು ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಎಳೆಯ ವಯಸ್ಸಿನಲ್ಲಿಯೇ ಒಬ್ಬ ಶಾಲಾ ಶಿಕ್ಷಕರ ಮನೆಯಲ್ಲಿ ಕೆಲಸಕ್ಕಿದ್ದರು. ಶಿಕ್ಷಕರಾದ ನಮಗೆ ಈ ಸಂಗತಿಯನ್ನು ಓದುವಾಗ ತಲೆ ತಗ್ಗುತ್ತದೆ. ಮಗು ಪಾಠ ಹೇಳುವವರ ಮನೆಯೊಳಗೇ ಇತ್ತು. ಪಾಠದೊಳಗೆ ಮಾತ್ರ ಇರಲಿಲ್ಲ. ಬಳಿಕ ಗದ್ದೆಯ ಕೂಲಿ. ದೊಡ್ಡವರಾದ ಮೇಲೆ ಸಾಕ್ಷರತಾ ತರಗತಿಯಲ್ಲಿ ಅಕ್ಷರ ಕಲಿತರು. ಕೃಷಿ ಕಾರ್ಮಿಕರ ಸಂಘದಲ್ಲಿ ದುಡಿದರು. ಆ ಸಂಘ ಮಾರ್ಕ್ಸ್‌ವಾದಿ ಕಮ್ಯೂನಿಸ್ಟ್ ಪಕ್ಷಕ್ಕೆ ಸೇರಿದ್ದು. ಎಂಬತ್ತರ ದಶಕದ ಕೊನೆಯ ಹೊತ್ತಿಗೆ ಅದರಿಂದ ಹೊರಬಂದರು. ಕೂಲಿ ಹೆಚ್ಚಿಸುವುದು ಸಂಘದ ಕೆಲಸವಾಗಿತ್ತು. ಆದರೆ ಆದಿವಾಸಿಯ ಮೂಲ ಸಮಸ್ಯೆ ಕೂಲಿಯಲ್ಲ, ನೆಲ ಎಂಬುದು ಅವರ ವಾದವಾಗಿತ್ತು. ಈ ವಾದ ಸರಿಯೋ ತಪ್ಪೋ ಎಂಬುದನ್ನು ಮುಂದಿನ ಘಟನೆಗಳಿಂದ ಅಳೆಯಬಹುದು.

2001ರಲ್ಲಿ ಕೇರಳದ ಆದಿವಾಸಿ ಊರುಗಳಿಂದ ಹಸಿವಿನ ಸಾವುಗಳ ಸುದ್ದಿ ಬಂತು. ಆ ವರ್ಷದ ಆಗಸ್ಟ್ 30ರಂದು ಜಾನು ಅವರ ಮುಂದಾಳುತನದಲ್ಲಿ ಆದಿವಾಸಿಗಳು ತಿರುವನಂತಪುರಕ್ಕೆ ಹೋಗಿ ಸೆಕ್ರೆಟೇರಿಯೇಟಿನ ಎದುರಿಗೇ ಗುಡಿಸಲು ಕಟ್ಟಿಕೊಂಡು ಕುಳಿತರು. ಘೋಷಣೆ ಕೂಗಿ ಸಂಜೆಗೆ ಮರಳುವ ಮೆರವಣಿಗೆ ಇದಾಗಿರಲಿಲ್ಲ. ಹೆಂಗಸರು ಅಲ್ಲಿಯೇ ಒಲೆ ಹೂಡಿದರು, ಮಕ್ಕಳು ಅಲ್ಲಿಯೇ ಮಲಗಿದರು. ನಲವತ್ತೆಂಟು ದಿನಗಳ ಬಳಿಕ, ಅಕ್ಟೋಬರ್ 16ರಂದು, ಮುಖ್ಯಮಂತ್ರಿ ಎ.ಕೆ. ಆಂಟನಿಯವರ ಸರಕಾರ ಒಪ್ಪಂದಕ್ಕೆ ಬಂತು. ನೆಲವಿಲ್ಲದ ಕುಟುಂಬಗಳಿಗೆ ಒಂದರಿಂದ ಐದು ಎಕರೆವರೆಗೆ ಭೂಮಿ ಕೊಡುವುದು, ಆದಿವಾಸಿ ಪ್ರದೇಶಗಳನ್ನು ಸಂವಿಧಾನದ ಐದನೆಯ ಅನುಸೂಚಿಗೆ ಸೇರಿಸಲು ಶಿಫಾರಸು ಮಾಡುವುದು ಇತ್ಯಾದಿ ಮಾತುಗಳು ಅದರಲ್ಲಿದ್ದವು. ಆದಿವಾಸಿ ಗೋತ್ರ ಮಹಾಸಭಾ ರೂಪುಗೊಂಡದ್ದೂ ಆ ದಿನಗಳಲ್ಲಿಯೇ.

ಭೂಮಿಯ ಹಂಚಿಕೆ ಮಾತಿನಂತೆ ಸಾಗಲಿಲ್ಲ. 2003ರ ಜನವರಿಯಲ್ಲಿ ನೂರಾರು ಕುಟುಂಬಗಳು ವಯನಾಡಿನ ಮುತ್ತಂಗ ಕಾಡನ್ನು ಹೊಕ್ಕು ಗುಡಿಸಲು ಹಾಕಿದವು. ಫೆಬ್ರವರಿ 19ರಂದು ಪೊಲೀಸರು ಗೋಲೀಬಾರು ಮಾಡಿದರು. ಆ ದಿನ ಒಬ್ಬ ಆದಿವಾಸಿಯೂ ಒಬ್ಬ ಪೊಲೀಸನೂ ಸತ್ತರು. ಜಾನು ಅವರೂ ಸಂಗಾತಿ ಎಂ. ಗೀತಾನಂದನ್ ಅವರೂ ಬಂಧಿತರಾದರು. ಊದಿಕೊಂಡ ಮುಖದ ಅವರ ಚಿತ್ರ ಪತ್ರಿಕೆಗಳಲ್ಲಿ ಬಂದದ್ದು ಹಲವರಿಗೆ ನೆನಪಿರಬಹುದು. ಕಣ್ಣೂರು ಜಿಲ್ಲೆಯ ಆರಳಂ ಫಾರ್ಮಿನ ಒಂದು ಭಾಗವನ್ನು ಆದಿವಾಸಿಗಳಿಗೆ ಹಂಚಿದ್ದು ಇದರ ಅನಂತರ. ಅಲ್ಲಿಗೆ ಹೋದವರು ಆನೆಯ ಕಾಟದಿಂದ ಕಂಗೆಟ್ಟದ್ದು ಬೇರೆಯೇ ಒಂದು ಕಥೆ. 2014ರ ಜುಲೈ 9ರಿಂದ ಡಿಸೆಂಬರ್ ತನಕ, ಒಟ್ಟು 162 ದಿನ, ಸೆಕ್ರೆಟೇರಿಯೇಟಿನ ಎದುರಿಗೆ ನಿಂತೇ ನಡೆಸಿದ ಸತ್ಯಾಗ್ರಹವೂ ಅದೇ ಹಳೆಯ ಒಪ್ಪಂದವನ್ನು ಜಾರಿಗೆ ತರಬೇಕೆಂಬ ಬೇಡಿಕೆಗಾಗಿ. ಹದಿಮೂರು ವರ್ಷಗಳ ಹಿಂದೆ ಬರೆದುಕೊಟ್ಟುದನ್ನು ಮತ್ತೆ ಕೇಳಬೇಕಾಗಿ ಬಂತು.

ಜಾನು ಅವರ ರಾಜಕೀಯ ನಡೆಗಳನ್ನು ಎಲ್ಲರೂ ಒಪ್ಪಿದ್ದಾರೆಂದಲ್ಲ. 2016ರಲ್ಲಿ ಸ್ವಂತ ಪಕ್ಷ ಕಟ್ಟಿ ಎನ್.ಡಿ.ಎ. ಕೂಟದ ಪರವಾಗಿ ಸುಲ್ತಾನ್ ಬತ್ತೇರಿಯಲ್ಲಿ ಸ್ಪರ್ಧಿಸಿ ಸೋತರು; 2021ರಲ್ಲಿ ಮತ್ತೆ ಸೋತರು; 2025ರಲ್ಲಿ ಆ ಕೂಟವನ್ನು ಬಿಟ್ಟರು. ಹಳೆಯ ಗೆಳೆಯರಲ್ಲಿ ಕೆಲವರು ಇದನ್ನು ಟೀಕಿಸಿದ್ದುಂಟು. 2011ರ ಜನಗಣತಿಯಂತೆ ಕೇರಳದಲ್ಲಿ ಪರಿಶಿಷ್ಟ ಪಂಗಡದವರು ನೂರಕ್ಕೆ ಒಂದೂವರೆಗಿಂತಲೂ ಕಡಿಮೆ. ಇಷ್ಟು ಸಣ್ಣ ಸಂಖ್ಯೆಯವರು ಮತಪೆಟ್ಟಿಗೆಯಿಂದ ಎಷ್ಟನ್ನು ಪಡೆಯಬಲ್ಲರು ಎಂಬುದು ಭಾಷಾ ಅಲ್ಪಸಂಖ್ಯಾತರಾದ ನಮಗೆ ಯಾರೂ ಬಿಡಿಸಿ ಹೇಳಬೇಕಾದ ಸಂಗತಿಯಲ್ಲ. ಯಾವ ದೊಡ್ಡವರ ಜತೆಗೆ ಸೇರಿದರೂ ದೂರು, ಸೇರದಿದ್ದರೆ ಸೋಲು.

ಕಾಯಿದೆ ಇದ್ದೂ ಇಲ್ಲದಂತೆ

ಜಾನು ಅವರ ಹಟಕ್ಕೆ ಕಾರಣ ತಿಳಿಯಬೇಕಾದರೆ ಕೇರಳದ ಭೂಕಾಯಿದೆಯ ಚರಿತ್ರೆಯನ್ನು ನೋಡಬೇಕು. ಆದಿವಾಸಿಗಳಿಂದ ಕೈತಪ್ಪಿದ ಭೂಮಿಯನ್ನು ಅವರಿಗೆ ಮರಳಿಸುವ ಕಾಯಿದೆಯನ್ನು ಕೇರಳ ವಿಧಾನಸಭೆ 1975ರಲ್ಲಿಯೇ ಅಂಗೀಕರಿಸಿತು. ಅದಕ್ಕೆ ನಿಯಮಗಳನ್ನು ರೂಪಿಸಲು ಹನ್ನೊಂದು ವರ್ಷ ಹಿಡಿದು, 1986 ಬಂತು. ನಿಯಮ ಬಂದ ಮೇಲೂ ಭೂಮಿ ಮರಳಲಿಲ್ಲ. ವಯನಾಡಿನ ವೈದ್ಯ ಡಾ. ನಲ್ಲತಂಬಿ ತೇರ ಅವರು ಹೈಕೋರ್ಟಿಗೆ ಹೋದರು. 1993ರಲ್ಲಿ ಕಾಯಿದೆಯನ್ನು ಜಾರಿಗೊಳಿಸಬೇಕೆಂದು ತೀರ್ಪಾಯಿತು. ಆಗ ಜಾರಿಗೊಳಿಸುವ ಬದಲು ಕಾಯಿದೆಯನ್ನೇ ಬದಲಿಸುವ ಯತ್ನ ನಡೆಯಿತು. 1999ರ ಹೊಸ ಕಾಯಿದೆಯಲ್ಲಿ ಎರಡು ಹೆಕ್ಟೇರಿಗೆ ಒಳಪಟ್ಟ ಜಮೀನು ಹೊಂದಿದವರಿಂದ ಮರಳಿ ಪಡೆಯುವಂತಿಲ್ಲ, ಅದರ ಬದಲು ಬೇರೆಡೆ ಭೂಮಿ ಕೊಡಬಹುದು ಎಂದಾಯಿತು. 2009ರಲ್ಲಿ ಸುಪ್ರೀಂ ಕೋರ್ಟು ಆ ಕಾಯಿದೆಯನ್ನು ಎತ್ತಿಹಿಡಿಯಿತು.

ಇಲ್ಲಿ ಗಮನಿಸಬೇಕಾದ ಒಂದು ಅಂಶವಿದೆ. ಇದನ್ನು ಒಂದೇ ಪಕ್ಷದ ಕೆಲಸವೆಂದು ತಳ್ಳಿಹಾಕುವಂತಿಲ್ಲ. ಆಡಳಿತ ಪಕ್ಷವೂ ವಿರೋಧ ಪಕ್ಷವೂ ಸಭೆಯಲ್ಲಿ ಒಟ್ಟಾಗಿಯೇ ಕೈಯೆತ್ತಿದ್ದವು. ಕಾಯಿದೆಯ ಪುಸ್ತಕದಲ್ಲಿ ಹಕ್ಕಿದ್ದರೂ ಅದನ್ನು ಕೇಳಿ ಪಡೆಯುವವರಿಲ್ಲದಿದ್ದರೆ ಅದು ಗೋಡೆಯ ಮೇಲಿನ ಹಣ್ಣಿನ ಚಿತ್ರದಂತೆ. ಅಕ್ಷರ ಬಾರದೆ ಬೆಳೆದ ಸ್ತ್ರೀಯೊಬ್ಬರು ಕಾಯಿದೆ ಬರೆಯುವವರ ಬಾಗಿಲಲ್ಲಿ ಗುಡಿಸಲು ಕಟ್ಟಿದ್ದು ಇದೇ ಕಾರಣಕ್ಕೆ.

ಹೆಣ್ಣಿಗೆ ಇದರಲ್ಲಿ ಬೇರೆ ಪಾಲೇನು ಎಂದು ಕೆಲವರು ಕೇಳಬಹುದು. ನೆಲ ಹೋದಾಗ ಮೊದಲು ಬೀದಿಗೆ ಬೀಳುವವಳು ಹೆಣ್ಣು. ಊರ ಹೊರಗಿನ ಕೂಲಿಗೆ, ಪರರ ತೋಟಕ್ಕೆ, ಪರರ ಅಂಗಳಕ್ಕೆ ಅವಳು ಹೋಗಬೇಕು. ವಯನಾಡಿನ ಆದಿವಾಸಿ ಊರುಗಳಲ್ಲಿ ಮೋಸಹೋಗಿ ಮದುವೆಯಿಲ್ಲದೆ ತಾಯಂದಿರಾದ ಹುಡುಗಿಯರ ದುಃಖ ಹಲವು ವರ್ಷಗಳಿಂದ ಕೇರಳದಲ್ಲಿ ಚರ್ಚೆಯಾಗಿದೆ. ಅದಕ್ಕೆ ಮಾಸಾಶನ ಕೊಟ್ಟು ಕೈತೊಳೆದುಕೊಳ್ಳುವುದು ಸುಲಭ. ಆ ಹುಡುಗಿ ಏತಕ್ಕಾಗಿ ಅಷ್ಟು ದೂರ, ಯಾರ ರಕ್ಷಣೆಯೂ ಇಲ್ಲದೆ, ಕೂಲಿಗೆ ಹೋಗಬೇಕಾಯಿತು ಎಂದು ಕೇಳುವುದು ಕಷ್ಟ. ಕಾಸರಗೋಡಿನ ಓದುಗರಿಗೆ ಈ ಮಾತಿನ ಅರ್ಥ ಚೆನ್ನಾಗಿಯೇ ಗೊತ್ತಿದೆ.

ಒಂದೇ ತಾಂಡಾ, ಎರಡು ಪಟ್ಟಿ

ಈಗ ನಮ್ಮ ಹುಡುಗಿಯ ಪ್ರಶ್ನೆಗೆ ಬರೋಣ. ಆಂಧ್ರಪ್ರದೇಶದ ಪಟ್ಟಿಯಲ್ಲಿ ಸುಗಾಲಿ, ಲಂಬಾಡಿ, ಬಂಜಾರ ಎಂಬವರು ಪರಿಶಿಷ್ಟ ಪಂಗಡ. ಗಡಿ ದಾಟಿ ಕರ್ನಾಟಕಕ್ಕೆ ಹೋದರೆ ಅದೇ ಲಂಬಾಣಿಗಳು ಪರಿಶಿಷ್ಟ ಜಾತಿ. ಎರುಕಲರದೂ ಇದೇ ಪಾಡು: ಇಲ್ಲಿ ಪಂಗಡ, ಅಲ್ಲಿ ಕೊರಚ, ಕೊರಮ ಎಂಬ ಹೆಸರಿನಲ್ಲಿ ಜಾತಿ. ಬೋಯರ ಸಂಗತಿ ಇದಕ್ಕೆ ತಲೆಕೆಳಗು. ಬಳ್ಳಾರಿ, ಚಿತ್ರದುರ್ಗಗಳ ಬೇಡ, ವಾಲ್ಮೀಕಿ ಎಂಬ ಹೆಸರುಗಳು 1991ರಲ್ಲಿ ನಾಯಕರ ಜತೆಗೆ ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದವು. ಆಂಧ್ರದಲ್ಲಿಯಾದರೋ ಗುಡ್ಡಗಾಡಿನ ಏಜೆನ್ಸಿ ಪ್ರದೇಶದ ವಾಲ್ಮೀಕಿಗಳಿಗೆ ಮಾತ್ರ ಆ ಸ್ಥಾನ. ರಾಯದುರ್ಗದ ಬೋಯರನ್ನು ಹಿಂದುಳಿದ ವರ್ಗವೆಂದು ಎಣಿಸುತ್ತ ಬರಲಾಗಿದೆ. 2017ರಲ್ಲಿಯೂ 2023ರಲ್ಲಿಯೂ ಆಂಧ್ರ ವಿಧಾನಸಭೆ ಇವರನ್ನು ಪಂಗಡಕ್ಕೆ ಸೇರಿಸಬೇಕೆಂದು ಠರಾವು ಮಾಡಿತು. ಆದರೆ ಪಟ್ಟಿಯನ್ನು ತಿದ್ದುವ ಅಧಿಕಾರ ಸಂಸತ್ತಿನದು. ನಿಮ್ಮಲ್ಲಿ ಮರಾಟಿಗಳು ಇದೇ ಬಗೆಯ ಕಷ್ಟಕ್ಕೆ ಒಳಗಾದದ್ದನ್ನು ಮರೆಯಲಾಗದು. ಸುಳ್ಯ, ಪುತ್ತೂರುಗಳ ಅವರ ನೆಂಟರು ಪಂಗಡದಲ್ಲಿದ್ದಾಗಲೇ ಕಾಸರಗೋಡಿನವರನ್ನು ಕೈಬಿಡಲಾಯಿತು. 2013ರಲ್ಲಿ ಸಂಸತ್ತು ಮತ್ತೆ ಸೇರಿಸುವ ತನಕ ಒಂದು ಪೀಳಿಗೆಯ ಮಕ್ಕಳ ಓದು, ನೌಕರಿ ಆ ನಡುವೆ ಸಿಕ್ಕಿಕೊಂಡಿತು.

ಪಟ್ಟಿಗಳು ರಾಜ್ಯಕ್ಕೊಂದಾದರೆ, ರಾಜ್ಯ ಬಿಟ್ಟು ಹೋದವರ ಗತಿಯೇನು? 1990ರಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠವು, ಒಂದು ರಾಜ್ಯದಲ್ಲಿ ಪಡೆದ ಜಾತಿ ಪಂಗಡದ ಸವಲತ್ತು ವಲಸೆ ಹೋದ ಇನ್ನೊಂದು ರಾಜ್ಯಕ್ಕೆ ತಾನಾಗಿ ಹಿಂಬಾಲಿಸುವುದಿಲ್ಲವೆಂದು ಹೇಳಿತು. ಪಂಜಾಬಿನಿಂದ ಉತ್ತರಾಖಂಡಕ್ಕೆ ಮದುವೆಯಾಗಿ ಹೋದ ಸ್ತ್ರೀಯೊಬ್ಬರ ಮೊಕದ್ದಮೆಯಲ್ಲಿ 2018ರಲ್ಲಿ ಇದೇ ತತ್ತ್ವವನ್ನು ಅನ್ವಯಿಸಲಾಯಿತು. ಪ್ರತಿಯೊಂದು ಪಟ್ಟಿಯೂ ಆಯಾ ರಾಜ್ಯದ ಸ್ಥಿತಿಗತಿಯನ್ನು ನೋಡಿ ಮಾಡಿದ್ದಾದ್ದರಿಂದ ಕೋರ್ಟಿನ ತರ್ಕದಲ್ಲಿ ಹುರುಳಿಲ್ಲವೆನ್ನಲಾಗದು. ಆದರೆ ನಮ್ಮ ಸಮಾಜದಲ್ಲಿ ಮದುವೆಯಾದ ಮೇಲೆ ಊರು ಬಿಡುವವರು ಯಾರು? ಗಂಡಸು ತನ್ನ ಹೊಲ, ತನ್ನ ಪ್ರಮಾಣಪತ್ರ ಎರಡರ ಮೇಲೂ ಕುಳಿತೇ ಇರುತ್ತಾನೆ. ಹೆಣ್ಣು ಗಡಿ ದಾಟುತ್ತಾಳೆ. ಅವಳ ಪತ್ರ ಈಚೆಯ ದಡದಲ್ಲಿಯೇ ಉಳಿಯುತ್ತದೆ. ರಾಯದುರ್ಗದಿಂದ ಬಳ್ಳಾರಿಗೆ, ಮಡಕಶಿರಾದಿಂದ ಶಿರಾಕ್ಕೆ, ಪಾವಗಡಕ್ಕೆ ಹೆಣ್ಣು ಕೊಟ್ಟು ತರುವುದು ಗಡಿ ಹುಟ್ಟುವುದಕ್ಕೂ ಮೊದಲಿನ ಸಂಪ್ರದಾಯ. ಹೀಗಾಗಿ ರಾಜ್ಯಗಳ ಗಡಿಯ ತೆರಿಗೆಯನ್ನು ತೆತ್ತವಳು ಹೆಣ್ಣೇ.

ಇಷ್ಟಕ್ಕೇ ಮುಗಿಯಲಿಲ್ಲ. 1956ರ ಹಿಂದೂ ಉತ್ತರಾಧಿಕಾರ ಕಾಯಿದೆಯ ಎರಡನೆಯ ಕಲಮಿನ ಎರಡನೆಯ ಉಪಕಲಮು, ಕೇಂದ್ರ ಸರಕಾರ ಗೆಜೆಟ್ಟಿನಲ್ಲಿ ಬೇರೆ ರೀತಿ ಪ್ರಕಟಿಸದ ಹೊರತು ಈ ಕಾಯಿದೆ ಪರಿಶಿಷ್ಟ ಪಂಗಡಗಳಿಗೆ ಅನ್ವಯಿಸದು ಎನ್ನುತ್ತದೆ. ಪರಿಶಿಷ್ಟ ಜಾತಿಗಳಿಗೆ ಅಂಥ ಹೊರಗಿಡುವಿಕೆ ಇಲ್ಲ. ಇದರ ಫಲವನ್ನು ನೋಡಿ. ಪಾವಗಡದ ತಾಂಡಾದಲ್ಲಿ ಹುಟ್ಟಿದ ಲಂಬಾಣಿ ಹೆಣ್ಣಿಗೆ 2005ರ ತಿದ್ದುಪಡಿಯಂತೆ ತಂದೆಯ ಪಿತ್ರಾರ್ಜಿತದಲ್ಲಿ ಮಗನಷ್ಟೇ ಪಾಲು. ಹತ್ತಿಪ್ಪತ್ತು ಮೈಲಿ ಆಚೆ ಮಡಕಶಿರಾದ ತಾಂಡಾದಲ್ಲಿ ಹುಟ್ಟಿದ ಅವಳ ಚಿಕ್ಕಪ್ಪನ ಮಗಳಿಗೆ ಆ ಕಾಯಿದೆ ಇಲ್ಲ. ಅವಳ ಪಾಲನ್ನು ತೀರ್ಮಾನಿಸುವುದು ಕುಲದ ರೂಢಿ. ಒಂದೇ ಕುಲ, ಒಂದೇ ಮಾತು, ಒಂದೇ ದೇವರು. ಆದರೂ ಒಬ್ಬಳಿಗೆ ಹೊಲ, ಇನ್ನೊಬ್ಬಳಿಗೆ ಬರಿಗೈ. ಕುಟುಂಬವು ಹಿಂದೂ ಆಚಾರವನ್ನೇ ಅನುಸರಿಸಿಕೊಂಡು ಬಂದಿದೆ ಎಂದು ಸಾಬೀತಾದಾಗ ಕೋರ್ಟುಗಳು ಕೆಲವೊಮ್ಮೆ ಪಾಲು ಕೊಟ್ಟದ್ದುಂಟು. ಸಾಬೀತು ಮಾಡುವ ಭಾರ ಮಾತ್ರ ವಕೀಲರಿಗೆ ಕೊಡಲು ಕಾಸಿಲ್ಲದವಳ ತಲೆಯ ಮೇಲೆ.

ಸುಪ್ರೀಂ ಕೋರ್ಟು 2022ರ ಡಿಸೆಂಬರಿನಲ್ಲಿ ಈ ಹೊರಗಿಡುವಿಕೆಯನ್ನು ಪುನರ್ವಿಮರ್ಶಿಸಬೇಕೆಂದು ಕೇಂದ್ರಕ್ಕೆ ಸೂಚಿಸಿತು. 2025ರ ಜುಲೈ 17ರಂದು ಛತ್ತೀಸಗಡದ ಒಂದು ಗೊಂಡ ಕುಟುಂಬದ ಮೊಕದ್ದಮೆಯಲ್ಲಿ, ಹೆಣ್ಣಿಗೆ ಪಾಲಿಲ್ಲವೆನ್ನುವ ರೂಢಿ ಸಾಬೀತಾಗದಿರುವಾಗ ಅವಳಿಗೆ ಸಮಪಾಲನ್ನು ನಿರಾಕರಿಸುವುದು ಸಮಾನತೆಗೆ ವಿರುದ್ಧವೆಂದು ತೀರ್ಪಿತ್ತಿತು. ಇದು ದೊಡ್ಡ ಹೆಜ್ಜೆ. ಅದೇ ವರ್ಷ ಅಕ್ಟೋಬರಿನಲ್ಲಿ ಹಿಮಾಚಲ ಪ್ರದೇಶದ ಇನ್ನೊಂದು ಮೊಕದ್ದಮೆಯಲ್ಲಿ, 1956ರ ಕಾಯಿದೆ ಪಂಗಡಗಳಿಗೆ ಅನ್ವಯಿಸದು ಎಂಬ ಮಾತನ್ನು ಅದೇ ನ್ಯಾಯಾಲಯ ಪುನರುಚ್ಚರಿಸಿತು. ಎರಡನ್ನೂ ಕೂಡಿಸಿ ಓದಿದರೆ ಅರ್ಥವಿಷ್ಟೆ: ನ್ಯಾಯದ ಮನಸ್ಸು ಹೆಣ್ಣಿನ ಕಡೆಗಿದೆ, ಆದರೆ ಬಾಗಿಲಿನ ಕೀಲಿಕೈ ಕೇಂದ್ರ ಸರಕಾರದ ಕೈಯಲ್ಲಿದೆ. ಅದನ್ನು ತೆರೆಯಲು ಒಂದು ಗೆಜೆಟ್ ಪ್ರಕಟಣೆ ಸಾಕು.

ಇದಕ್ಕೆ ಎದುರಾಗಿ ಹೇಳುವವರ ಮಾತನ್ನೂ ಕೇಳಬೇಕು. ಹೆಣ್ಣಿಗೆ ಪಾಲು ಕೊಟ್ಟರೆ ಅವಳ ಮದುವೆಯ ದಾರಿಯಲ್ಲಿ ಆದಿವಾಸಿ ಭೂಮಿ ಹೊರಗಿನವರ ಪಾಲಾಗುತ್ತದೆ ಎಂಬ ಅಂಜಿಕೆ ಹಲವು ಬುಡಕಟ್ಟು ಮುಖಂಡರಿಗಿದೆ. ಇದು ಹುಸಿ ಅಂಜಿಕೆಯಲ್ಲ. ಆಂಧ್ರದಲ್ಲಿ ಆದಿವಾಸಿಯ ಜಮೀನನ್ನು ಇತರರು ಕೊಳ್ಳಬಾರದೆಂಬ 1970ರ ಕಟ್ಟಳೆ ಅನುಸೂಚಿತ ಪ್ರದೇಶಗಳಿಗೆ ಮಾತ್ರ ಸಲ್ಲುತ್ತದೆ. ಅನಂತಪುರದಲ್ಲಿ ಅಂಥ ಪ್ರದೇಶವಿಲ್ಲ. ಕೇರಳದಲ್ಲಿಯೂ ಇಲ್ಲ, ಕರ್ನಾಟಕದಲ್ಲಿಯೂ ಇಲ್ಲ. ಜಾನು ಅವರ 2001ರ ಒಪ್ಪಂದದಲ್ಲಿ ಐದನೆಯ ಅನುಸೂಚಿಯ ಮಾತು ಏಕೆ ಬಂತೆಂಬುದು ಇದರಿಂದ ಸ್ಪಷ್ಟವಾಗುತ್ತದೆ. ಆದರೆ ಭೂಮಿ ಹೊರಗೆ ಹೋಗದಂತೆ ಬೇಲಿ ಹಾಕುವುದು ಒಂದು ಕೆಲಸ, ಒಳಗಿರುವ ಮಗಳನ್ನು ಬೇಲಿಯಾಚೆ ನಿಲ್ಲಿಸುವುದು ಬೇರೆಯೇ ಒಂದು ಕೆಲಸ. ಇದುವರೆಗೆ ಕೈತಪ್ಪಿದ ಆದಿವಾಸಿ ಭೂಮಿಯನ್ನು ಸಾಲಕ್ಕೂ ಸಾರಾಯಿಗೂ ಬರೆದುಕೊಟ್ಟವರು ಬಹುಪಾಲು ಗಂಡಸರೇ ಎಂಬುದನ್ನೂ 1992ರಲ್ಲಿ ಸಾರಾಯಿ ವಿರುದ್ಧ ಎದ್ದ ಆಂಧ್ರದ ಹೆಂಗಸರನ್ನು ಕಂಡವರು ಬಲ್ಲರು.

ಆಫ್ರಿಕದ ಒಂದು ಉದಾಹರಣೆ

ಈ ಪ್ರಶ್ನೆ ನಮ್ಮೊಬ್ಬರದಲ್ಲ. ಆಫ್ರಿಕದ ಛಾಡ್ ದೇಶದಲ್ಲಿ ದನಗಳೊಂದಿಗೆ ಊರೂರು ಸಂಚರಿಸುವ ಂಬೊರೊರೊ ಎಂಬ ಗೋವಳರ ಕುಲವಿದೆ. ಆ ಕುಲದ ಹಿಂದೂ ಉಮರೂ ಇಬ್ರಾಹಿಂ ಎಂಬ ಸ್ತ್ರೀ (ಅಲ್ಲಿ 'ಹಿಂದೂ' ಎಂಬುದು ಹೆಣ್ಣಿನ ಹೆಸರು) 1999ರಲ್ಲಿ, ಇನ್ನೂ ಹದಿಹರೆಯದಲ್ಲಿರುವಾಗಲೇ, ತಮ್ಮ ಕುಲದ ಹೆಂಗಸರಿಗಾಗಿ ಸಂಘ ಕಟ್ಟಿದರು. ತಾಯಿ ಕುಲದವರ ಅಸಮಾಧಾನವನ್ನು ಲೆಕ್ಕಿಸದೆ ಮಗಳನ್ನು ಶಾಲೆಗೆ ಕಳುಹಿಸಿದ್ದರು. ನೀರು ಎಲ್ಲಿ, ಮೇವು ಎಲ್ಲಿ, ಮದ್ದಿನ ಗಿಡ ಎಲ್ಲಿ ಎಂಬುದನ್ನು ಊರವರನ್ನೇ ಕೂಡಿಸಿ ನಕ್ಷೆ ಮಾಡಿಸಿದಾಗ, ಗಂಡಸರಿಗೆ ತಿಳಿದದ್ದು ಬೇರೆ, ಹೆಂಗಸರಿಗೆ ತಿಳಿದದ್ದು ಬೇರೆ ಎಂಬುದು ಎಲ್ಲರ ಕಣ್ಣಿಗೆ ಬಿತ್ತು. ಎರಡೂ ಸೇರಿದಾಗಲೇ ನಕ್ಷೆ ಪೂರ್ಣವಾಯಿತು. 2016ರ ಏಪ್ರಿಲ್ 22ರಂದು ಹವಾಮಾನದ ಪ್ಯಾರಿಸ್ ಒಪ್ಪಂದಕ್ಕೆ ವಿಶ್ವಸಂಸ್ಥೆಯಲ್ಲಿ ಸಹಿಯಾದಾಗ ನಾಗರಿಕ ಸಮಾಜದ ಪರವಾಗಿ ಮಾತನಾಡಿದವರು ಇವರೇ. 2024ರಲ್ಲಿ ವಿಶ್ವಸಂಸ್ಥೆಯ ಮೂಲನಿವಾಸಿಗಳ ಕಾಯಂ ವೇದಿಕೆಯ ಅಧ್ಯಕ್ಷರಾದರು.

ಮೂಲನಿವಾಸಿಗಳ ಹಕ್ಕುಗಳ ಘೋಷಣೆಯನ್ನು ವಿಶ್ವಸಂಸ್ಥೆ 2007ರ ಸೆಪ್ಟೆಂಬರ್ 13ರಂದು ಅಂಗೀಕರಿಸಿದಾಗ ಭಾರತವೂ ಪರವಾಗಿ ಮತ ಹಾಕಿತು. ಆದರೆ ಭಾರತದ ಜನರೆಲ್ಲರೂ ಮೂಲನಿವಾಸಿಗಳೇ ಎಂಬುದು ನಮ್ಮ ಸರಕಾರದ ನಿಲುವು. ಒಂದು ಕಾಲಕ್ಕೆ ಎತ್ತಿನ ಹೇರುಗಳಲ್ಲಿ ಉಪ್ಪು, ಧಾನ್ಯ ಸಾಗಿಸುತ್ತ ನಾಡನ್ನೆಲ್ಲ ಸುತ್ತಿದ ಲಂಬಾಣಿಗಳನ್ನು ಮೂಲನಿವಾಸಿಗಳೆನ್ನಬಹುದೇ ಎಂದು ಪಂಡಿತರು ವಾದಿಸಲಿ. ಛಾಡಿನ ಗೋವಳತಿಗೂ ವಯನಾಡಿನ ಜಾನು ಅವರಿಗೂ ನಮ್ಮ ತಾಂಡಾದ ಹುಡುಗಿಗೂ ಸಮಾನವಾದುದು ಹೆಸರಲ್ಲ. ಹೊರಗಿನವರಿಂದ ಒಮ್ಮೆ, ಒಳಗಿನವರಿಂದ ಒಮ್ಮೆ, ಹೀಗೆ ಎರಡು ಬಾರಿ ಪಾಲು ಕಳೆದುಕೊಳ್ಳುವ ಸ್ಥಿತಿ. ಕರ್ನಾಟಕದಲ್ಲಿಯೂ ಇದಕ್ಕೆ ಎದುರು ನಿಂತವರು ಇಲ್ಲದಿಲ್ಲ. ಅಂಕೋಲೆಯ ಕಡೆಯ ಹಾಲಕ್ಕಿ ಹಾಡುಗಾರ್ತಿ ಸುಕ್ರಿ ಬೊಮ್ಮಗೌಡರು ಊರಿನ ಸಾರಾಯಿಯ ವಿರುದ್ಧ ಹೆಂಗಸರನ್ನು ಒಗ್ಗೂಡಿಸಿದರು. ಅವರು 2025ರ ಫೆಬ್ರವರಿಯಲ್ಲಿ ತೀರಿಕೊಂಡರು. 2016ರ ಡಿಸೆಂಬರಿನಲ್ಲಿ ಕೊಡಗಿನ ದಿಡ್ಡಳ್ಳಿಯಲ್ಲಿ ಜೇನುಕುರುಬರ, ಎರವರ ಗುಡಿಸಲುಗಳನ್ನು ಕೆಡವಿದಾಗ ಎದುರು ನಿಂತವರಲ್ಲಿ ಹೆಂಗಸರೇ ಮುಂದಿದ್ದರು.

ನಮ್ಮ ಪಾಲಿನ ಕೆಲಸ

ಇನ್ನು ನಮ್ಮ ಹೊಣೆ. ಸಂವಿಧಾನದ 350ಎ ವಿಧಿಯನ್ನು ಹಿಡಿದುಕೊಂಡು, ಅಲ್ಪಸಂಖ್ಯಾತ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಪಾಠ ಬೇಕೆಂದು ನಾವು ಸರಕಾರಗಳನ್ನು ಕೇಳುತ್ತ ಬಂದಿದ್ದೇವೆ. ತಾಂಡಾದ ಮಗು ಮೊದಲ ದಿನ ನಮ್ಮ ಶಾಲೆಗೆ ಬಂದಾಗ ಅದರ ಮಾತೃಭಾಷೆ ಕನ್ನಡವಲ್ಲ. ಕೊಪ್ಪದ ಮಗುವಿಗೂ ಅಲ್ಲ. ತೆಲುಗು ಬಾರದ ನಮ್ಮ ಮಗುವನ್ನು ದಡ್ಡನೆಂದರೆ ನಮಗೆ ನೋವಾಗುತ್ತದೆ; ಮಲಯಾಳ ಬಾರದ ನಿಮ್ಮ ಮಗುವನ್ನು ಹಾಗೆಂದರೆ ನಿಮಗೆ ಸಿಟ್ಟು ಬರುತ್ತದೆ. ಕನ್ನಡ ತಡವರಿಸಿದ ಸುಗಾಲಿ ಮಗುವನ್ನು ನಾವು ಎಷ್ಟು ಸಲ ಹಿಂದಿನ ಬೆಂಚಿಗೆ ಕಳುಹಿಸಿದ್ದೇವೆ? ಈ ಪ್ರಶ್ನೆಯನ್ನು ಮೊದಲು ನಮಗೇ ಹಾಕಿಕೊಂಡಿದ್ದೇವೆ. ಮೊದಲ ಎರಡು ವರ್ಷವಾದರೂ ಆ ಮಗುವಿನ ಮನೆಮಾತನ್ನು ತರಗತಿಯೊಳಗೆ ಕೇಳಿಸಿಕೊಳ್ಳುವುದಕ್ಕೆ ಯಾವ ಸರಕಾರದ ಅಪ್ಪಣೆಯೂ ಬೇಡ.

ಎರಡನೆಯದು, ತಿಳುವಳಿಕೆ. 2006ರ ಅರಣ್ಯ ಹಕ್ಕು ಕಾಯಿದೆಯಂತೆ ದೊರೆಯುವ ಹಕ್ಕುಪತ್ರದಲ್ಲಿ ಗಂಡ ಹೆಂಡತಿ ಇಬ್ಬರ ಹೆಸರೂ ಇರಬೇಕು. ಹಕ್ಕು ಸಮಿತಿಯಲ್ಲಿ ಮೂರರಲ್ಲಿ ಒಂದು ಪಾಲು ಸ್ತ್ರೀಯರಿರಬೇಕು. ಇದನ್ನು ಬಲ್ಲ ಹೆಂಗಸರು ನಮ್ಮ ಊರುಗಳಲ್ಲಿ ಎಷ್ಟು ಮಂದಿ? ಓದಿದ ಕನ್ನಡ ಕುಟುಂಬಗಳು ವರ್ಷಕ್ಕೊಮ್ಮೆ ಒಂದು ತಾಂಡಾಕ್ಕೆ ಅಥವಾ ಒಂದು ಕೊಪ್ಪಕ್ಕೆ ಹೋಗಿ ಇಂಥ ನಾಲ್ಕು ಮಾತುಗಳನ್ನು ಹೇಳಿ, ನಮೂನೆ ತುಂಬಿಕೊಟ್ಟರೆ ಅದು ನಾಡಹಬ್ಬದ ಭಾಷಣಕ್ಕಿಂತ ಕಡಿಮೆಯ ಕನ್ನಡ ಸೇವೆಯಲ್ಲ.

ಮೂರನೆಯದು, ಗಡಿ ಸಂಘಟನೆಗಳ ಬೇಡಿಕೆ ಪಟ್ಟಿಗೆ ಎರಡು ಸಾಲು ಸೇರಬೇಕು. ಗಡಿಯಾಚೆಗೆ ಮದುವೆಯಾಗಿ ಹೋದ ಹೆಣ್ಣಿನ ಸ್ಥಾನಮಾನದ ಬಗ್ಗೆ ನೆರೆಯ ರಾಜ್ಯಗಳು ಕೂಡಿ ಕುಳಿತು ಒಂದು ವ್ಯವಸ್ಥೆಯನ್ನು ರೂಪಿಸಿ ಸಂಸತ್ತಿನ ಮುಂದಿಡಬೇಕು. ಪಂಗಡದ ಹೆಣ್ಣುಮಕ್ಕಳಿಗೆ ಸಮಪಾಲು ಕೊಡುವ ಪ್ರಕಟಣೆಯನ್ನು, ಭೂಮಿ ಹೊರಗಿನವರ ಪಾಲಾಗದಂಥ ರಕ್ಷಣೆಯೊಡನೆ, ಕೇಂದ್ರ ಹೊರಡಿಸಬೇಕು. ಇವು ತಾಂಡಾದವರ ಬೇಡಿಕೆಗಳು, ನಮಗೇಕೆ ಎನ್ನುವವರಿಗೆ ಒಂದೇ ಉತ್ತರ. ನಮ್ಮ ಕನ್ನಡ ಶಾಲೆಗಳ ಹಾಜರಿ ಪುಸ್ತಕದಲ್ಲಿ ಇಂದು ಯಾರ ಮಕ್ಕಳ ಹೆಸರುಗಳಿವೆ ಎಂದು ಒಮ್ಮೆ ತೆರೆದು ನೋಡಬೇಕು. ಕೈಲಾದವರ ಮಕ್ಕಳು ಇಂಗ್ಲಿಷು ಶಾಲೆಗಳ ಹಳದಿ ಬಸ್ಸು ಹತ್ತಿ ಹೋದ ಮೇಲೆ, ಕನ್ನಡ ಮಾಧ್ಯಮವನ್ನು ಉಳಿಸುತ್ತಿರುವವರು ಬಹುಮಟ್ಟಿಗೆ ಇವರೇ.

ಜಾನು ಅವರು 2023ರಲ್ಲಿ ತಮ್ಮ ಆತ್ಮಕಥೆಯನ್ನು ಮಲಯಾಳದಲ್ಲಿ ಪ್ರಕಟಿಸಿದರು. ಅದರ ಹೆಸರು 'ಅಡಿಮಮಕ್ಕ'. ಜೀತದವರ ಮಕ್ಕಳು ಎಂದು ಅದರ ಅರ್ಥ. ಆ ಶಿಕ್ಷಕರ ಮನೆಯ ಕೆಲಸದ ಹುಡುಗಿ ಕೊನೆಗೆ ತಾನೇ ಪುಸ್ತಕ ಬರೆದಳು.

ನಮ್ಮ ಹುಡುಗಿಗೆ ನಾವು ಈಗ ಕೊಡಬಲ್ಲ ಉತ್ತರ ಅವಳಿಗೆ ಸಂತೋಷ ತರುವಂಥದಲ್ಲ. ಅವಳು ಹುಟ್ಟಿದ ರಾಜ್ಯದಲ್ಲಿ ಪಂಗಡ. ಅವಳ ಮಗು ತಂದೆಯ ರಾಜ್ಯದಲ್ಲಿ ಜಾತಿ. ಅವಳು ಬಾಳುವ ಊರಿನಲ್ಲಿ ಅವಳ ಪತ್ರಕ್ಕೆ ಬೆಲೆಯಿಲ್ಲ. ತವರಿನ ಹೊಲದಲ್ಲಿ ಅವಳ ಪಾಲು ರೂಢಿಯ ಕೈಯಲ್ಲಿ. ಇದನ್ನು ಒಂದು ಕಾಗದದಲ್ಲಿ ಬರೆದು ಅವಳಿಗೆ ಕಳುಹಿಸಿದ್ದೇವೆ. 2025ರ ತೀರ್ಪಿನ ದಿನಾಂಕವನ್ನೂ ಅದರ ಕೆಳಗೆ ಕಾಣಿಸಿದ್ದೇವೆ. ಲೆಕ್ಕ ಬಲ್ಲವಳು, ಉಳಿದುದನ್ನು ಅವಳೇ ಬಿಡಿಸಲು ಹೊರಟರೆ ಜತೆಗೆ ನಿಲ್ಲುವುದು ನಮ್ಮ ಕೆಲಸ.